ಗೆಳೆಯರ ಜೊತೆ ಕೂತು ಬರ್ಗಂಡಿ ಕೆಂಪು ವೈನ್ ಸವಿಯುವುದು ಹೇಗೆ: ಬಾಟಲಿ ಆರಿಸುವಲ್ಲಿಂದ ಮರುದಿನದ ಗ್ಲಾಸಿನವರೆಗೆ

ಮೊದಲ ಸಲ ನಾವು ಎಂಟು ಜನ ಬರ್ಗಂಡಿ ಸವಿಯೋಣ ಅಂತ ಸೇರಿದಾಗ ಮೇಜಿನ ಮೇಲೆ ಹನ್ನೊಂದು ಬಾಟಲಿ ಇದ್ದವು. ಯಾರಿಗೆ ಏನು ಸಿಕ್ಕಿತೋ ಅದನ್ನು ತಂದಿದ್ದರು. ಬೇರೆ ಬೇರೆ ಊರು, ಬೇರೆ ಬೇರೆ ವರ್ಷ, ಬೇರೆ ಬೇರೆ ದರ್ಜೆ, ಮಾಡಿದವರೂ ಬೇರೆ ಬೇರೆ. ವೈನ್‌ಗಳೇನೋ ಚೆನ್ನಾಗಿದ್ದವು. ಆದರೆ ಐದನೇ ಬಾಟಲಿ ಹೊತ್ತಿಗೆ ಮಾತು ನಿಂತುಹೋಯಿತು. ಇದು ಅದಕ್ಕಿಂತ ಬೇರೆ ಅಂತ ನಾಲಿಗೆ ಹೇಳುತ್ತಿತ್ತು, ಯಾಕೆ ಬೇರೆ ಅಂತ ಹೇಳಲು ದಾರಿಯೇ ಇರಲಿಲ್ಲ. ಊರಿನಿಂದಲೋ, ವರ್ಷದಿಂದಲೋ, ಮಾಡಿದವರ ಕೈಯಿಂದಲೋ?

ಅಲ್ಲಿಂದ ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ: ಒಂದು ಸಂಜೆಗೆ ಒಂದೇ ಪ್ರಶ್ನೆ. ಕೆಳಗಿರುವ ಉಳಿದದ್ದೆಲ್ಲ ಆ ಪ್ರಶ್ನೆಗೆ ನಿಮ್ಮ ಮೂಗು, ನಾಲಿಗೆ ಉತ್ತರ ಹುಡುಕಲಿ ಅಂತ ಮಾಡುವ ತಯಾರಿ.

ಮೊದಲು, ಬರ್ಗಂಡಿ ಯಾಕೆ ಹೀಗೆ?

ಬರ್ಗಂಡಿ ಇರುವುದು ಫ್ರಾನ್ಸಿನ ಪೂರ್ವ ಭಾಗದಲ್ಲಿ. ಅಲ್ಲಿನ ಕೆಂಪು ವೈನ್ ಹೆಚ್ಚುಕಡಿಮೆ ಎಲ್ಲವೂ ಒಂದೇ ದ್ರಾಕ್ಷಿಯದು, ಪಿನೋ ನ್ವಾರ್. ತೆಳು ಸಿಪ್ಪೆಯ ದ್ರಾಕ್ಷಿ ಇದು. ಆದ್ದರಿಂದ ಬಣ್ಣ ಕಡಿಮೆ, ಒಗರು ಕಡಿಮೆ, ಹುಳಿ ಎದ್ದು ಕಾಣುತ್ತದೆ, ಘಮ ಸೂಕ್ಷ್ಮ. ಚಳಿ ಜಾಸ್ತಿಯಾದರೆ ಹಣ್ಣಾಗುವುದಿಲ್ಲ, ಬಿಸಿಲು ಜಾಸ್ತಿಯಾದರೆ ಘಮ ಬೆಂದುಹೋಗುತ್ತದೆ. ಗಮೆ ಅನ್ನುವ ಇನ್ನೊಂದು ದ್ರಾಕ್ಷಿ ಅಲ್ಲಿ ಚೆನ್ನಾಗಿ ಬೆಳೆದು ಜಾಸ್ತಿ ಫಸಲು ಕೊಡುತ್ತಿತ್ತು, ಆದರೆ 1395ರಲ್ಲಿ ಬರ್ಗಂಡಿಯ ಡ್ಯೂಕ್ ಆಗಿದ್ದ ಎರಡನೇ ಫಿಲಿಪ್ ಅದನ್ನು ಕಿತ್ತು ಹಾಕಿ ಅಂತ ಆಜ್ಞೆ ಮಾಡಿದ. ಇಂದು ಗಮೆಯ ನಿಜವಾದ ಮನೆ ದಕ್ಷಿಣಕ್ಕಿರುವ ಬೋಜೊಲೆ.

ದ್ರಾಕ್ಷಿ ಒಂದೇ ಆದಮೇಲೆ ವ್ಯತ್ಯಾಸ ಬರುವುದು ಮೂರು ಕಡೆಯಿಂದ: ಜಾಗ, ವರ್ಷ, ಮಾಡಿದವರ ಕೈ. ಬರ್ಗಂಡಿ ಸವಿಯುವ ಖುಷಿ ಇರುವುದೇ ಇಲ್ಲಿ. ಬೇರೆ ಕಡೆ ದ್ರಾಕ್ಷಿಗಳನ್ನು ಬೆರೆಸಿ ರುಚಿ ಹೊಂದಿಸುತ್ತಾರೆ. ಇಲ್ಲಿ ಬೆರೆಸಲು ಇನ್ನೊಂದು ದ್ರಾಕ್ಷಿ ಇಲ್ಲ, ಹಾಗಾಗಿ ತೋಟದ ಗುಣ ನೇರವಾಗಿ ಗ್ಲಾಸಿಗೆ ಬರುತ್ತದೆ.

ಒಳ್ಳೆಯ ತೋಟಗಳು ಹೆಚ್ಚಾಗಿ ಇರುವುದು ಕೋಟ್ ದೋರ್ ಅನ್ನುವ ಉದ್ದನೆಯ, ಕಿರಿದಾದ ಇಳಿಜಾರಿನಲ್ಲಿ. ದಿಜೋನ್ ಪಟ್ಟಣದ ದಕ್ಷಿಣಕ್ಕೆ ಅದು ಸುಮಾರು 50 ಕಿಲೋಮೀಟರ್ ಹಬ್ಬಿದೆ. ಉತ್ತರದ ಅರ್ಧ ಕೋಟ್ ದ ನ್ವಿ, ದಕ್ಷಿಣದ ಅರ್ಧ ಕೋಟ್ ದ ಬೋನ್. ಇಳಿಜಾರಿನ ತುದಿಯಲ್ಲಿ ಮಣ್ಣು ತೆಳು, ಸುಣ್ಣಕಲ್ಲು ಮೇಲೇ ಕಾಣುತ್ತದೆ. ಬುಡದಲ್ಲಿ ಜೇಡಿಮಣ್ಣು ದಪ್ಪ, ನೀರು ನಿಲ್ಲುತ್ತದೆ. ನಡುವಿನ ಪಟ್ಟಿಯಲ್ಲಿ ಎರಡೂ ಹದವಾಗಿ ಬೆರೆತಿರುತ್ತವೆ, ಬೆಳಗಿನ ಬಿಸಿಲೂ ಚೆನ್ನಾಗಿ ಬೀಳುತ್ತದೆ. ಹೆಸರಾಂತ ತೋಟಗಳೆಲ್ಲ ಹೆಚ್ಚಾಗಿ ಆ ನಡುವಿನ ಪಟ್ಟಿಯಲ್ಲೇ ಇವೆ. ಹೀಗೆ ಹೆಸರು, ಗಡಿ ಇರುವ ಒಂದೊಂದು ತೋಟವನ್ನೂ ಅಲ್ಲಿ ಕ್ಲಿಮಾ ಅನ್ನುತ್ತಾರೆ. ಇಂಥ 1,247 ಕ್ಲಿಮಾಗಳನ್ನು 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹೆಜ್ಜೆ 1: ಪ್ರಶ್ನೆ ಆರಿಸಿ

ಜಾಗ, ವರ್ಷ, ಕೈ. ಮೂರರಲ್ಲಿ ಎರಡನ್ನು ಕಟ್ಟಿಹಾಕಿ, ಒಂದನ್ನು ಮಾತ್ರ ಬದಲಾಗಲು ಬಿಡಿ. ಇಷ್ಟೇ ಲೆಕ್ಕ.

ಜಾಗ ಏನು ಮಾಡುತ್ತದೆ ಅಂತ ನೋಡಬೇಕಾದರೆ ಒಬ್ಬರೇ ತಯಾರಕರು ಒಂದೇ ವರ್ಷ ಮಾಡಿದ, ಎರಡು ಊರಿನ ವೈನ್ ತನ್ನಿ. ನನಗೆ ಎಲ್ಲಕ್ಕಿಂತ ಇಷ್ಟದ ಜೋಡಿ ವೋಲ್ನೆ ಮತ್ತು ಪೊಮ್ಮಾರ್. ಎರಡೂ ಕೋಟ್ ದ ಬೋನ್‌ನಲ್ಲಿ ಅಕ್ಕಪಕ್ಕದ ಊರು, ನಡೆದೇ ಹೋಗಬಹುದು. ಪೊಮ್ಮಾರ್‌ನ ಮಣ್ಣಿನಲ್ಲಿ ಜೇಡಿ ಜಾಸ್ತಿ, ವೈನ್ ಗಟ್ಟಿ, ಒಗರು ಸ್ವಲ್ಪ ಒರಟು. ವೋಲ್ನೆಯದು ಹಗುರ, ಹೂವಿನ ಘಮ, ನಾಲಿಗೆಯ ಮೇಲೆ ನುಣುಪು. ಎಲ್ಲ ತಯಾರಕರ ಕೈಯಲ್ಲೂ ಇದು ಹೀಗೇ ಇರುತ್ತದೆ ಅಂತಲ್ಲ, ಆದರೆ ಅಕ್ಕಪಕ್ಕ ಇಟ್ಟಾಗ ಹೊಸಬರಿಗೂ ತಿಳಿಯುವಷ್ಟು ವ್ಯತ್ಯಾಸ ಬಹಳ ಸಲ ಸಿಗುತ್ತದೆ. ಉತ್ತರ ಭಾಗದಲ್ಲಿ ಇದೇ ಆಟ ಆಡಬೇಕಾದರೆ ಜೆವ್ರೆ-ಶಾಂಬರ್ತಾಂ ಮತ್ತು ಶಾಂಬೋಲ್-ಮ್ಯುಸಿನಿ ಜೋಡಿ ಸರಿ. ಮೊದಲನೆಯದು ಗಟ್ಟಿ ಮೈಕಟ್ಟಿನದು, ಎರಡನೆಯದು ನಯ.

ದರ್ಜೆ ಏನು ಮಾಡುತ್ತದೆ ಅನ್ನುವುದು ಜಾಗದ ಪ್ರಶ್ನೆಯ ಇನ್ನೊಂದು ರೂಪ. ಒಬ್ಬರದೇ ಸಾದಾ ಬೂರ್ಗೋನ್ (ಇಡೀ ಪ್ರದೇಶದ ಹೆಸರಿನ ವೈನ್), ಊರಿನ ಹೆಸರಿನ ವೈನ್, ಅದೇ ಊರಿನ ಪ್ರೀಮಿಯೆ ಕ್ರೂ (ಅದಕ್ಕಿಂತ ಮೇಲಿನ ದರ್ಜೆ), ಮೂರನ್ನೂ ಮೆಟ್ಟಿಲಿನಂತೆ ಜೋಡಿಸಿ. ಮೊದಲ ಸಲ ಸೇರುವವರಿಗೆ ನಾನು ಹೇಳುವುದು ಇದನ್ನೇ.

ವರ್ಷದ ಪ್ರಶ್ನೆಗೆ ಒಂದೇ ತೋಟ, ಒಂದೇ ಕೈ, ಎರಡು ಮೂರು ವರ್ಷ. 2020 ಒಣ, ಬಿಸಿ ವರ್ಷ, ತುಂಬಾ ಕಡೆ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಯಿತು. 2021ರ ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರು ಸುಟ್ಟುಹೋಯಿತು, ಫಸಲು ಬಹಳ ಕಡಿಮೆ, ಬೇಸಿಗೆಯೂ ತಂಪು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿದರೆ ಹವಾಮಾನ ಅಂದರೆ ಏನು ಅಂತ ಯಾರೂ ವಿವರಿಸಬೇಕಿಲ್ಲ. ಒಂದರಲ್ಲಿ ಕಪ್ಪಾಗಿ ಮಾಗಿದ ಚೆರ್ರಿ, ಇನ್ನೊಂದರಲ್ಲಿ ಈಗತಾನೇ ಕೆಂಪಾದ ಹಣ್ಣಿನ ಹುಳಿ.

ಕೈಯ ಪ್ರಶ್ನೆ ಕೊನೆಗೆ ಇಟ್ಟುಕೊಳ್ಳಿ, ಅದು ಸ್ವಲ್ಪ ಕಷ್ಟ. ಒಂದೇ ಊರು, ಒಂದೇ ವರ್ಷ, ಬೇರೆ ಬೇರೆ ತಯಾರಕರು. ಒಬ್ಬರು ಗೊಂಚಲನ್ನು ತೊಟ್ಟಿನ ಸಮೇತ ಹುದುಗಿಸುತ್ತಾರೆ, ಇನ್ನೊಬ್ಬರು ತೊಟ್ಟು ಬಿಡಿಸಿ. ಒಬ್ಬರು ಹೊಸ ಓಕ್ ಪೀಪಾಯಿ ಜಾಸ್ತಿ ಬಳಸುತ್ತಾರೆ, ಇನ್ನೊಬ್ಬರು ಹಳೆಯದನ್ನೇ. ಕ್ಲೋ ದ ವೂಜೋ ಇದಕ್ಕೆ ದೊಡ್ಡ ಉದಾಹರಣೆ. 1098ರಲ್ಲಿ ಶುರುವಾದ ಸೀತೋ ಮಠದ ಸನ್ಯಾಸಿಗಳು ಬೆಳೆಸಿ, ಸುತ್ತ ಗೋಡೆ ಕಟ್ಟಿದ ಸುಮಾರು 50 ಹೆಕ್ಟೇರ್ ತೋಟ ಅದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠದ ಕೈ ತಪ್ಪಿತು, ಆಮೇಲೆ ಮಾರಾಟ, ಪಾಲು ಅಂತ ಒಡೆಯುತ್ತಾ ಒಡೆಯುತ್ತಾ ಈಗ ಸುಮಾರು 80 ಜನರ ಪಾಲಾಗಿದೆ. ಗೋಡೆ ಒಂದೇ, ಹೆಸರು ಒಂದೇ, ಒಳಗೆ ಅಷ್ಟೊಂದು ಕೈಗಳು.

ಹೆಜ್ಜೆ 2: ಲೇಬಲ್ ಓದಿ ಕೊಳ್ಳಿ

ಆರು ಬಾಟಲಿ ಸಾಕು. ಒಬ್ಬರೇ ಆರಿಸಿ ತರಲಿ, ಖರ್ಚು ಎಲ್ಲರೂ ಹಂಚಿಕೊಳ್ಳಿ. ಒಬ್ಬೊಬ್ಬರು ಒಂದೊಂದು ತರುವುದೇ ಇಷ್ಟ ಅಂದರೆ ಯಾರು ಯಾವ ಊರು, ಯಾವ ವರ್ಷ ತರಬೇಕು ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ನಮ್ಮ ಹನ್ನೊಂದು ಬಾಟಲಿಯ ಕಥೆ ಆಗುತ್ತದೆ.

ಲೇಬಲ್ ಮೊದಲ ನೋಟಕ್ಕೆ ಗೊಂದಲ, ಆದರೆ ಸೂತ್ರ ಸರಳ. ಕೆಳಗಿನ ದರ್ಜೆಯಲ್ಲಿ ಬೂರ್ಗೋನ್ ಅಂತ ಪ್ರದೇಶದ ಹೆಸರು ಇರುತ್ತದೆ. ಅದರ ಮೇಲೆ ಊರಿನ ಹೆಸರು. ಅದರ ಮೇಲೆ ಊರಿನ ಹೆಸರಿನ ಜೊತೆ ಪ್ರೀಮಿಯೆ ಕ್ರೂ ಅನ್ನುವ ಪದ, ಹೆಚ್ಚಾಗಿ ತೋಟದ ಹೆಸರೂ ಇರುತ್ತದೆ. ತುತ್ತತುದಿಯ ಗ್ರಾಂ ಕ್ರೂನಲ್ಲಿ ಊರಿನ ಹೆಸರೇ ಇರುವುದಿಲ್ಲ, ತೋಟದ ಹೆಸರು ಮಾತ್ರ.

ಇಲ್ಲೇ ಎಲ್ಲರೂ ಎಡವುವುದು. ಜೆವ್ರೆ ಅನ್ನುವ ಊರು ತನ್ನ ಹೆಸರಾಂತ ತೋಟ ಶಾಂಬರ್ತಾಂ ಹೆಸರನ್ನು 1847ರಲ್ಲಿ ತನ್ನ ಹೆಸರಿಗೆ ಅಂಟಿಸಿಕೊಂಡಿತು. ಹಾಗಾಗಿ ಜೆವ್ರೆ-ಶಾಂಬರ್ತಾಂ ಅಂದರೆ ಊರಿನ ವೈನ್, ಬರೀ ಶಾಂಬರ್ತಾಂ ಅಂದರೆ ಗ್ರಾಂ ಕ್ರೂ. ಶಾಂಬೋಲ್-ಮ್ಯುಸಿನಿ, ವೋನ್-ರೊಮಾನೆ ಎಲ್ಲ ಇದೇ ಥರ. ಊರಿನ ವೈನ್ ಮೇಲೂ ಕೆಲವೊಮ್ಮೆ ಸಣ್ಣ ಅಕ್ಷರದಲ್ಲಿ ತೋಟದ ಹೆಸರು ಇರುತ್ತದೆ, ಅದನ್ನು ನೋಡಿ ಪ್ರೀಮಿಯೆ ಕ್ರೂ ಅಂದುಕೊಳ್ಳಬೇಡಿ. ‘ಬರ್ಗಂಡಿಯ ಮಹಾ ವೈನ್’ ಅನ್ನುವ ಅರ್ಥದ ಫ್ರೆಂಚ್ ಸಾಲು ಎಲ್ಲ ದರ್ಜೆಯ ಬಾಟಲಿಯ ಮೇಲೂ ಕಾಣಸಿಗುತ್ತದೆ, ಅದು ದರ್ಜೆ ಹೇಳುವ ಮಾತಲ್ಲ. ಇನ್ನು ಕೊತೋ ಬೂರ್ಗಿನ್ಯೋಂ ಅಂತ ಬರೆದದ್ದರಲ್ಲಿ ಗಮೆ ಇರಬಹುದು, ಪಾಸ್-ತೂ-ಗ್ರೇನ್ ಅಂದರೆ ಗಮೆ, ಪಿನೋ ಎರಡೂ ಬೆರೆತದ್ದು. ಕುಡಿಯಲು ಚೆನ್ನಾಗಿರುತ್ತವೆ, ಆದರೆ ಈ ಸಂಜೆಗೆ ಬೇಡ. ದ್ರಾಕ್ಷಿಯೇ ಬದಲಾದರೆ ಪ್ರಶ್ನೆ ಕೆಟ್ಟುಹೋಗುತ್ತದೆ.

ಗ್ರಾಂ ಕ್ರೂ ಇಲ್ಲದೆ ಬರ್ಗಂಡಿ ಸವಿದ ಹಾಗಾಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿನ ಒಟ್ಟು ವೈನ್‌ನಲ್ಲಿ ಗ್ರಾಂ ಕ್ರೂ ಪಾಲು ನೂರಕ್ಕೆ ಎರಡಕ್ಕಿಂತಲೂ ಕಡಿಮೆ, ಬೆಲೆಯೋ ಆಕಾಶದಲ್ಲಿ. ಅದೂ ಅಲ್ಲದೆ ಎಳೆಯ ಗ್ರಾಂ ಕ್ರೂ ಬಾಟಲಿ ಎಷ್ಟೋ ಸಲ ಬಾಯಿ ಮುಚ್ಚಿ ಕೂತಿರುತ್ತದೆ, ಹತ್ತು ಹದಿನೈದು ವರ್ಷ ಕಾಯಬೇಕು. ಕೈಗೆಟುಕುವುದು ಬೇಕಾದರೆ ದಕ್ಷಿಣದ ಕೋಟ್ ಶಾಲೊನೇಸ್‌ನ ಮೆರ್ಕ್ಯುರೆ, ಜಿವ್ರಿ ನೋಡಿ. ಕೋಟ್ ದೋರ್‌ನಲ್ಲೇ ಮಾರ್ಸನೆ, ಸಾಂತನೆ, ಸಾವಿನ್ಯಿ-ಲೆ-ಬೋನ್ ಇವೆ. ನಾನು ಜಿವ್ರಿಯ ಮೆಟ್ಟಿಲು ಜೋಡಿಸಿದ ಸಂಜೆ ಎಲ್ಲ ಬಾಟಲಿಯೂ ಖಾಲಿಯಾಗಿತ್ತು, ದುಬಾರಿ ಸಂಜೆಗಳಲ್ಲಿ ಹಾಗಾಗಿದ್ದು ಕಡಿಮೆ.

ಒಂದು ಬಾಟಲಿ ಜಾಸ್ತಿ ಇಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 3: ಎಷ್ಟು ಜನ, ಎಷ್ಟು ಗ್ಲಾಸ್

ಆರರಿಂದ ಎಂಟು ಜನ. ಅದಕ್ಕಿಂತ ಜಾಸ್ತಿಯಾದರೆ ಮಾತು ಎರಡು ಗುಂಪಾಗಿ ಒಡೆಯುತ್ತದೆ. ಒಂದು ಬಾಟಲಿಯಲ್ಲಿ 750 ಮಿಲಿಲೀಟರ್. ಒಬ್ಬರಿಗೆ 50 ಮಿಲಿಲೀಟರ್ ಸುರಿದರೆ ಎಂಟು ಜನಕ್ಕೆ 400 ಆಯಿತು, ಉಳಿದ 350 ಊಟಕ್ಕೂ ಮರುದಿನಕ್ಕೂ ಇರುತ್ತದೆ. 50 ಅಂದರೆ ಎಷ್ಟು ಅಂತ ಒಂದು ಸಲ ನೀರಿನಲ್ಲಿ ಅಳೆದು ನಿಮ್ಮ ಗ್ಲಾಸಿನಲ್ಲಿ ನೋಡಿಕೊಳ್ಳಿ. ಕಣ್ಣಂದಾಜು ಯಾವಾಗಲೂ ಮೊದಲ ಇಬ್ಬರಿಗೆ ಜಾಸ್ತಿ ಸುರಿಸುತ್ತದೆ, ಕೊನೆಯವರಿಗೆ ಸಾಲುವುದಿಲ್ಲ.

ಆರು ವೈನ್‌ಗೆ ತಲಾ 300 ಮಿಲಿಲೀಟರ್ ಆಗುತ್ತದೆ, ಎಲ್ಲವನ್ನೂ ನುಂಗಿದರೆ ಅದು ಕಡಿಮೆ ಏನಲ್ಲ. ಉಗುಳಲು ಪ್ರತಿಯೊಬ್ಬರಿಗೂ ಒಂದು ಕಾಗದದ ಲೋಟ, ನಡುವೆ ಒಂದು ದೊಡ್ಡ ಪಾತ್ರೆ ಇಡಿ. ವೈನ್‌ಗಳನ್ನು ಎರಡೆರಡಾಗಿ ಜೋಡಿ ಮಾಡಿ ಬಡಿಸುತ್ತೇವೆ. ಮೊದಲ ಜೋಡಿಯಲ್ಲೇ ನೀವು ಮೊದಲು ಉಗುಳಿ, ಉಳಿದವರ ಸಂಕೋಚ ಹೋಗುತ್ತದೆ. ಗಾಡಿ ಓಡಿಸುವವರು ಉಗುಳಿದರೂ ಸ್ವಲ್ಪ ಒಳಗೆ ಹೋಗಿಯೇ ಇರುತ್ತದೆ, ಅವತ್ತು ಓಡಿಸದೇ ಇರುವುದೇ ಒಳ್ಳೆಯದು.

ಗ್ಲಾಸ್ ಹೊಟ್ಟೆ ಅಗಲ, ಬಾಯಿ ಕಿರಿದು ಇರಬೇಕು. ಘಮ ಒಳಗೆ ತುಂಬಿ ಬಾಯಿಯ ಹತ್ತಿರ ಸೇರುವುದಕ್ಕೆ. ದುಬಾರಿ ಗ್ಲಾಸ್ ಬೇಕಿಲ್ಲ, ಒಂದೇ ಥರದ ಗ್ಲಾಸ್ ಬೇಕು. ಒಂದೇ ವೈನ್ ಎರಡು ಆಕಾರದ ಗ್ಲಾಸಿನಲ್ಲಿ ಎರಡು ವೈನ್ ಥರ ಮೂಗಿಗೆ ಬರುತ್ತದೆ. ತಲಾ ಮೂರು ಗ್ಲಾಸ್ ಸಾಕು: ಎರಡು ಗ್ಲಾಸ್ ಒಂದು ಜೋಡಿ ವೈನ್ ನೋಡಲು, ಮೂರನೆಯದು ಯಾವುದಾದರೂ ಒಂದು ವೈನನ್ನು ಸಂಜೆಯೆಲ್ಲ ಇಟ್ಟುಕೊಂಡು ಗಮನಿಸಲು. ಆ ಮೂರನೇ ಗ್ಲಾಸ್ ಬಿಡಬೇಡಿ, ಅದರ ಬಗ್ಗೆ ಆಮೇಲೆ.

ಕಪಾಟಿನಲ್ಲಿ ಬೋರಲು ಹಾಕಿಟ್ಟ ಗ್ಲಾಸಿಗೆ ಮರದ, ಧೂಳಿನ ವಾಸನೆ ಹಿಡಿದಿರುತ್ತದೆ. ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ ನೋಡಿ. ಬಿಸಿನೀರಿನಲ್ಲಿ ತೊಳೆದು, ಮೊದಲ ವೈನ್‌ನ ಒಂದು ಚಮಚ ಹಾಕಿ ಗೋಡೆಗೆಲ್ಲ ತಾಗುವ ಹಾಗೆ ತಿರುಗಿಸಿ ಚೆಲ್ಲಿಬಿಡಿ. ಮುಂದಿನ ಜೋಡಿಗೂ ಹೀಗೇ ಮಾಡಿ, ನೀರಿಗಿಂತ ಇದು ವಾಸಿ.

ಸೆಂಟ್ ಹಾಕಿಕೊಂಡು ಬರಬೇಡಿ ಅಂತ ಹಿಂದಿನ ದಿನವೇ ಎಲ್ಲರಿಗೂ ತಿಳಿಸಿ. ಪರಿಮಳದ ಮೇಣದಬತ್ತಿ, ಘಮ್ಮೆನ್ನುವ ಹೂವು, ಒಲೆಯ ಮೇಲಿನ ಒಗ್ಗರಣೆ, ಯಾವುದೂ ಬೇಡ. ಪಿನೋ ನ್ವಾರ್‌ನ ಘಮ ಇವಕ್ಕೆ ಎದುರು ನಿಲ್ಲುವುದಿಲ್ಲ.

ಹೆಜ್ಜೆ 4: ಹದವಾದ ತಂಪು

ಎಲ್ಲಕ್ಕಿಂತ ಜಾಸ್ತಿ ಹಾಳಾಗುವುದು ಇಲ್ಲೇ. ಕೆಂಪು ವೈನ್ ಕೋಣೆಯ ಬಿಸಿಯಲ್ಲೇ ಕುಡಿಯಬೇಕು ಅನ್ನುವ ಮಾತು ಮನೆಗಳು ತಣ್ಣಗಿದ್ದ ಕಾಲದ್ದು. ಬರ್ಗಂಡಿಗೆ 14ರಿಂದ 16 ಡಿಗ್ರಿ ಸೆಲ್ಸಿಯಸ್ ಸರಿ. 22 ದಾಟಿದರೆ ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲ್, ಹಣ್ಣು ಹಿಂದೆ ಸರಿಯುತ್ತದೆ, ಬಾಯಲ್ಲಿ ಸಪ್ಪೆ. ತೀರಾ ತಣ್ಣಗಾದರೆ ಘಮ ಮುಚ್ಚಿಕೊಂಡು ಹುಳಿ, ಒಗರು ಮಾತ್ರ ಚುಚ್ಚುತ್ತವೆ. ಕೋಣೆ 25 ಡಿಗ್ರಿ ಇದ್ದರೆ ಬಾಟಲಿಯನ್ನು ಫ್ರಿಜ್‌ನಲ್ಲಿ ಒಂದು ಗಂಟೆ ಇಡಿ, ಬಡಿಸುವ ಸ್ವಲ್ಪ ಮುಂಚೆ ತೆಗೆಯಿರಿ. ಸ್ವಲ್ಪ ಜಾಸ್ತಿ ತಣ್ಣಗಿದ್ದರೂ ಚಿಂತೆ ಇಲ್ಲ, ಗ್ಲಾಸಿನ ಹೊಟ್ಟೆಯನ್ನು ಅಂಗೈಯಲ್ಲಿ ಹಿಡಿದರೆ ಐದು ನಿಮಿಷಕ್ಕೆ ಹದಕ್ಕೆ ಬರುತ್ತದೆ. ಬೆಚ್ಚಗಾದದ್ದನ್ನು ಮೇಜಿನ ಮೇಲೆ ತಣ್ಣಗೆ ಮಾಡುವುದು ಕಷ್ಟ.

ಹೆಜ್ಜೆ 5: ತೆರೆಯುವುದು, ಕೆಟ್ಟದ್ದನ್ನು ಹಿಡಿಯುವುದು

ಒಂದು ಗಂಟೆ ಮುಂಚೆ ಎಲ್ಲ ಬಾಟಲಿ ತೆರೆದು, ಒಂದೊಂದರಿಂದ ಸ್ವಲ್ಪ ಸುರಿದು ನೀವೊಬ್ಬರೇ ಮೂಸಿ ನೋಡಿ. ಎಳೆಯ ವೈನ್‌ನಲ್ಲಿ ಬೆಂಕಿಕಡ್ಡಿ ಗೀಚಿದ ವಾಸನೆಯೋ ಗಂಧಕದ ವಾಸನೆಯೋ ಇದ್ದರೆ ಹೆದರಬೇಡಿ, ಗಾಳಿ ಸಾಲದ್ದಕ್ಕೆ ಹಾಗೆ. ಜಗ್ಗಿಗೆ ಸುರಿದು ಮತ್ತೆ ಬಾಟಲಿಗೆ ತುಂಬಿ, ಬಹಳ ಸಲ ಹೋಗುತ್ತದೆ. ಉಳಿದಂತೆ ಬರ್ಗಂಡಿಯನ್ನು ಡಿಕ್ಯಾಂಟರ್‌ಗೆ (ವೈನ್‌ಗೆ ಗಾಳಿಯಾಡಲು ಬಳಸುವ ಗಾಜಿನ ಪಾತ್ರೆ) ಸುರಿಯಲು ನಾನು ಹೋಗುವುದಿಲ್ಲ. ಇಪ್ಪತ್ತು ವರ್ಷ ದಾಟಿದ ಬಾಟಲಿ ಇದ್ದರೆ ಖಂಡಿತ ಬೇಡ, ಅದರಲ್ಲಿ ಉಳಿದ ನವಿರಾದ ಘಮ ಗಾಳಿಗೆ ಹೋಗಿಬಿಡಬಹುದು. ಅಂಥದ್ದನ್ನು ಒಂದೆರಡು ದಿನ ನೇರ ನಿಲ್ಲಿಸಿ ಗಸಿ ಕೆಳಗಿಳಿಯಲು ಬಿಡಿ, ಕೊನೆಗೆ ತೆರೆಯಿರಿ, ಅಲುಗಿಸದೆ ನಿಧಾನಕ್ಕೆ ಸುರಿಯಿರಿ.

ಈಗ ಜಾಸ್ತಿ ಬಾಟಲಿಯ ವಿಷಯ. ಕೆಲವು ಕಾರ್ಕ್‌ಗಳಲ್ಲಿ ಟಿಸಿಎ ಅನ್ನುವ ರಾಸಾಯನಿಕ ಇರುತ್ತದೆ, ಅದು ವೈನ್‌ಗೆ ಇಳಿದರೆ ನೆಂದ ರಟ್ಟಿನ ಡಬ್ಬದಂಥ ಮುಗ್ಗಲು ವಾಸನೆ ಬರುತ್ತದೆ. ಆರೋಗ್ಯಕ್ಕೆ ಏನೂ ಆಗುವುದಿಲ್ಲ, ಆದರೆ ಹಣ್ಣಿನ ಘಮ ಸತ್ತುಹೋಗುತ್ತದೆ. ಜೋರಾಗಿದ್ದರೆ ಯಾರಾದರೂ ಹಿಡಿಯುತ್ತಾರೆ. ಸ್ವಲ್ಪವೇ ಇದ್ದಾಗ ವೈನ್ ಸುಮ್ನೆ ಮಂಕಾಗಿದೆ ಅನಿಸುತ್ತದೆ ಅಷ್ಟೇ. ಒಂದು ಸಂಜೆ ನಾವೆಲ್ಲ ಒಂದು ಪ್ರೀಮಿಯೆ ಕ್ರೂ ಬಗ್ಗೆ ಗಂಭೀರವಾಗಿದೆ, ಇನ್ನೂ ಎಳಸು ಅಂತೆಲ್ಲ ಮಾತಾಡುತ್ತಿದ್ದೆವು. ಮೊದಲ ಸಲ ಬಂದಿದ್ದ ಗೆಳತಿಯೊಬ್ಬಳು ಮೆಲ್ಲಗೆ ಹೇಳಿದಳು, ‘ನನಗೆ ಮಳೆಗಾಲದಲ್ಲಿ ಮುಚ್ಚಿಟ್ಟ ಹಳೇ ಪೆಟ್ಟಿಗೆ ತೆಗೆದ ಹಾಗಿದೆ.’ ಎಲ್ಲರೂ ಮತ್ತೆ ಮೂಸಿದೆವು. ಅವಳು ಹೇಳಿದ್ದು ಪೂರ್ತಿ ಸರಿ. ಅಂಥ ಬಾಟಲಿಯನ್ನು ಚೆಲ್ಲಬೇಡಿ, ಒಂದು ಗ್ಲಾಸಿನಲ್ಲಿ ಹಾಕಿ ಮೇಜಿನ ತುದಿಗಿಡಿ. ಎಲ್ಲರೂ ಒಂದೊಂದು ಸಲ ಮೂಸಿ ನೆನಪಿಟ್ಟುಕೊಳ್ಳಲಿ. ಅದರ ಜಾಗಕ್ಕೆ ಆ ಜಾಸ್ತಿ ಬಾಟಲಿ ಬರಲಿ.

ಹೆಜ್ಜೆ 6: ಮುಚ್ಚಿ, ಜೋಡಿ ಮಾಡಿ

ಬರ್ಗಂಡಿ ಬಾಟಲಿಗಳ ಆಕಾರ ಹೆಚ್ಚುಕಡಿಮೆ ಒಂದೇ, ಭುಜ ಇಳಿಜಾರು. ಹಾಗಾಗಿ ಮುಚ್ಚುವುದು ಸುಲಭ. ಕುತ್ತಿಗೆಯ ಮೇಲಿನ ತಗಡಿನ ಹೊದಿಕೆಯನ್ನು ಪೂರ್ತಿ ತೆಗೆಯಿರಿ, ಅದರ ಬಣ್ಣ ಗುಟ್ಟು ಬಿಟ್ಟುಕೊಡುತ್ತದೆ. ಕಾಗದದ ಚೀಲಕ್ಕೆ ಹಾಕಿ ಕುತ್ತಿಗೆಗೆ ಟೇಪ್ ಸುತ್ತಿ. ಜೋಡಿಯ ಎರಡು ಚೀಲ ಕೊಟ್ಟು ಇನ್ನೊಬ್ಬರಿಂದ ಅಂಕಿ ಹಾಕಿಸಿದರೆ ನಿಮಗೂ ಯಾವುದು ಯಾವುದು ಅಂತ ಗೊತ್ತಿರುವುದಿಲ್ಲ, ನೀವೂ ಆಟಕ್ಕೆ ಸೇರಬಹುದು.

ಯಾವ ವೈನ್‌ಗಳಿವೆ ಅಂತ ಹೇಳಿ, ಯಾವ ಚೀಲದಲ್ಲಿ ಯಾವುದು ಅಂತ ಮಾತ್ರ ಹೇಳಬೇಡಿ. ಏನೂ ಹೇಳದೆ ಕುಡಿಸಿ ಊಹಿಸಿ ಅನ್ನುವುದು ಪರೀಕ್ಷೆ ಥರ ಆಗುತ್ತದೆ, ತಪ್ಪು ಹೇಳಿದವರು ಆಮೇಲೆ ಬಾಯಿ ಬಿಡುವುದಿಲ್ಲ. ‘ಇದರಲ್ಲೊಂದು ವೋಲ್ನೆ, ಇನ್ನೊಂದು ಪೊಮ್ಮಾರ್’ ಅಂದರೆ ಎಲ್ಲರ ಗಮನವೂ ಒಂದೇ ಕಡೆ ನಿಲ್ಲುತ್ತದೆ.

ಎರಡೆರಡಾಗಿ ಬಡಿಸಿ. ಒಂದೇ ವೈನ್ ಎದುರಿಗಿದ್ದರೆ ಚೆನ್ನಾಗಿದೆ ಅನ್ನುವುದು ಬಿಟ್ಟು ಬೇರೆ ಮಾತು ಬರುವುದಿಲ್ಲ. ಎರಡಿದ್ದರೆ ಇದು ಹುಳಿ, ಅದು ನುಣುಪು, ಇದು ಬೇಗ ಮುಗಿಯಿತು ಅಂತ ಮಾತು ತಾನಾಗಿ ಹೊರಡುತ್ತದೆ. ಸಾದಾ ದರ್ಜೆ ಮೊದಲು, ಗಟ್ಟಿಯದು ಆಮೇಲೆ.

ಹೆಜ್ಜೆ 7: ನೋಡಿ, ಮೂಸಿ, ಗುಟುಕರಿಸಿ

ನೋಡುವುದಕ್ಕೆ ಹತ್ತು ಸೆಕೆಂಡ್ ಸಾಕು. ಬಿಳಿ ಕಾಗದದ ಮೇಲೆ ಗ್ಲಾಸ್ ಓರೆ ಮಾಡಿ. ಅಂಚು ನೇರಳೆ ಕೆಂಪು ಇದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾದದ್ದು. ಬಣ್ಣ ತಿಳಿಯಾಗಿದೆ ಅಂತ ವೈನ್ ಪೇಲವ ಅಂದುಕೊಳ್ಳಬೇಡಿ. ಗ್ಲಾಸಿನ ಹಿಂದಿರುವ ಅಕ್ಷರ ಓದುವಷ್ಟು ತಿಳಿಯಾದ ಬರ್ಗಂಡಿ ಕೋಣೆ ತುಂಬುವಷ್ಟು ಘಮಿಸಬಹುದು.

ಮೂಸುವುದಕ್ಕೆ ಸಮಯ ಕೊಡಿ. ಮೊದಲು ಗ್ಲಾಸ್ ತಿರುಗಿಸದೆ ಮೂಸಿ, ತೀರಾ ನವಿರಾದ ಘಮ ಆಗಲೇ ಸಿಗುವುದು. ಆಮೇಲೆ ಗ್ಲಾಸಿನ ಬುಡವನ್ನು ಮೇಜಿನ ಮೇಲೇ ಇಟ್ಟು ವೃತ್ತವಾಗಿ ತಿರುಗಿಸಿ, ಚೆಲ್ಲುವ ಭಯ ಇರುವುದಿಲ್ಲ. ದೀರ್ಘವಾಗಿ ಎಳೆಯಬೇಡಿ, ಚಿಕ್ಕ ಚಿಕ್ಕ ಉಸಿರು ಸಾಕು, ನಡುವೆ ಮೂಗಿಗೆ ಬಿಡುವು ಕೊಡಿ. ಎಳೆಯ ವೈನ್‌ನಲ್ಲಿ ಕೆಂಪು ಚೆರ್ರಿ, ರಾಸ್‌ಬೆರಿ, ಸ್ಟ್ರಾಬೆರಿ, ಗುಲಾಬಿ ಸಿಗಬಹುದು. ಹೊಸ ಓಕ್ ಇದ್ದರೆ ವೆನಿಲಾ, ಸುಟ್ಟ ಬ್ರೆಡ್. ತೊಟ್ಟಿನ ಸಮೇತ ಹುದುಗಿಸಿದ್ದರೆ ಹಸಿ ಕಡ್ಡಿ, ಮಸಾಲೆ. ವಯಸ್ಸಾದಂತೆ ಒದ್ದೆ ತರಗೆಲೆ, ಅಣಬೆ, ಚರ್ಮ.

ಈ ಪಟ್ಟಿಯನ್ನು ಮೇಜಿನ ಮೇಲೆ ಮಾತ್ರ ಇಡಬೇಡಿ. ಇಟ್ಟರೆ ಎಲ್ಲರಿಗೂ ಚೆರ್ರಿಯೇ ಸಿಗುತ್ತದೆ. ಪ್ರತಿಯೊಬ್ಬರಿಗೂ ಒಂದು ಚೀಟಿ, ಪೆನ್ಸಿಲ್ ಕೊಡಿ. ಮೊದಲ ಮೂರು ನಿಮಿಷ ಯಾರೂ ಮಾತಾಡಬಾರದು, ಒಂದೊಂದು ವೈನ್‌ಗೆ ಎರಡು ಪದ ಬರೆಯಬೇಕು. ಅಜ್ಜಿಯ ಟ್ರಂಕು, ಹೊಸ ಚಪ್ಪಲಿ, ಮಳೆ ನಿಂತ ಮೇಲಿನ ಅಂಗಳ, ಏನಾದರೂ ಆಗಬಹುದು. ಇನ್ನೊಬ್ಬರು ಜೋರಾಗಿ ‘ಗುಲಾಬಿ’ ಅಂದ ಕ್ಷಣ ನಿಮ್ಮ ಮೂಗಿಗೂ ಗುಲಾಬಿಯೇ ಬರುತ್ತದೆ, ನಿಮ್ಮದೇ ಏನಿತ್ತೋ ಅದು ಮಾಯ.

ಆಮೇಲೆ ಒಂದು ಒಳ್ಳೆಯ ಗುಟುಕು. ಬಾಯಿ ತುಂಬಾ ಓಡಾಡಿಸಿ, ತುಟಿ ಸ್ವಲ್ಪ ತೆರೆದು ಗಾಳಿ ಎಳೆದುಕೊಳ್ಳಿ, ಸದ್ದಾಗುತ್ತದೆ, ಆಗಲಿ. ಹುಳಿಯನ್ನು ಕೆನ್ನೆಯ ಒಳಬದಿ ಹೇಳುತ್ತದೆ, ಬಾಯಲ್ಲಿ ನೀರೂರುತ್ತದೆ. ಒಗರನ್ನು ಒಸಡು ಹೇಳುತ್ತದೆ. ಎಷ್ಟು ಒಗರು ಅನ್ನುವುದಕ್ಕಿಂತ ಎಂಥ ಒಗರು ಅಂತ ಕೇಳಿಕೊಳ್ಳಿ: ರೇಷ್ಮೆಯ ಥರವೋ, ಗೋಣಿಯ ಥರವೋ, ನುಣ್ಣನೆ ಸೀಮೆಸುಣ್ಣದ ಪುಡಿಯ ಥರವೋ? ವೋಲ್ನೆ, ಪೊಮ್ಮಾರ್ ಬೇರೆಯಾಗುವುದು ಬಹಳ ಸಲ ಇಲ್ಲೇ. ಉಗುಳಿದ ಮೇಲೆ ಮನಸ್ಸಿನಲ್ಲೇ ಎಣಿಸಿ. ಸಾದಾ ವೈನ್ ರುಚಿ ಬೇಗ ಆರುತ್ತದೆ. ಒಳ್ಳೆಯ ಪ್ರೀಮಿಯೆ ಕ್ರೂ ಇಪ್ಪತ್ತು ಮೂವತ್ತು ಎಣಿಸಿದರೂ ಬಾಯಲ್ಲೇ ಇರುತ್ತದೆ, ಕೆಲವೊಮ್ಮೆ ರುಚಿ ಬದಲಾಗುತ್ತಲೂ ಇರುತ್ತದೆ.

ಆ ಮೂರನೇ ಗ್ಲಾಸ್

ಒಂದು ಸಲ ಮೊದಲ ಜೋಡಿಯಲ್ಲಿ ಬಂದ ವೋಲ್ನೆ ಯಾರಿಗೂ ಹಿಡಿಸಲಿಲ್ಲ. ಮೂಗಿಗೆ ಏನೂ ಇಲ್ಲ, ಬಾಯಲ್ಲಿ ಬರೀ ಹುಳಿ. ಅದನ್ನು ಮೂರನೇ ಗ್ಲಾಸಿಗೆ ಹಾಕಿ ಬದಿಗಿಟ್ಟೆ. ಇಪ್ಪತ್ತು ನಿಮಿಷಕ್ಕೆ ಮೂಸಿದಾಗ ತೆಳ್ಳಗೆ ಹಸಿ ಚೆರ್ರಿ. ನಲವತ್ತಕ್ಕೆ ಹಣ್ಣು ಕೆಂಪಾಗಿತ್ತು, ಜೊತೆಗೆ ಏನೋ ಒಣ ಎಲೆಯ ಘಮ. ಒಂದೂಕಾಲು ಗಂಟೆಗೆ ಎತ್ತಿದಾಗ ಗುಲಾಬಿ ದಳವನ್ನು ಬೆರಳಲ್ಲಿ ಹೊಸಕಿದ ಹಾಗೆ, ಗ್ಲಾಸ್ ಮೂಗಿನಿಂದ ಗೇಣು ದೂರ ಇರುವಾಗಲೇ ಬಂತು. ಹುಳಿ ಅಷ್ಟೇ ಇತ್ತು, ಆದರೆ ಈಗ ಅದಕ್ಕೊಂದು ಕೆಲಸ ಇತ್ತು, ಹಣ್ಣನ್ನು ಎತ್ತಿ ಹಿಡಿದಿತ್ತು. ಗ್ಲಾಸ್ ಕೈಯಿಂದ ಕೈಗೆ ಹೋಯಿತು, ಆಮೇಲೆ ಎಲ್ಲರೂ ಬಾಟಲಿಯಲ್ಲಿ ಉಳಿದಿದೆಯಾ ಅಂತ ಕೇಳಿದರು.

ಆದ್ದರಿಂದ ಯಾವ ವೈನ್ ಬಗ್ಗೆಯೂ ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ. ನಿಮಗೆ ಅರ್ಥವಾಗದೆ ಉಳಿದದ್ದನ್ನೇ ಮೂರನೇ ಗ್ಲಾಸಿಗೆ ಹಾಕಿ, ಇಷ್ಟವಾದದ್ದನ್ನಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಮೂಸಿ, ಚೀಟಿಯಲ್ಲಿ ಹೊತ್ತು ಬರೆಯಿರಿ.

ಹೆಜ್ಜೆ 8: ಮಾತು

ಕರೆದವರು ಕೊನೆಗೆ ಮಾತಾಡಬೇಕು. ತುಂಬಾ ಗೊತ್ತಿರುವವರು ಅವರಿಗಿಂತ ಒಂದು ಹೆಜ್ಜೆ ಮುಂಚೆ. ಹೊಸಬರಿಂದ ಶುರುವಾಗಲಿ, ಚೀಟಿಯಲ್ಲಿ ಬರೆದದ್ದನ್ನು ಹಾಗೇ ಓದಲಿ. ಅಂಕ ಕೊಡುವುದು ಬೇಡ. ನೂರಕ್ಕೆ ತೊಂಬತ್ತು ಅಂದರೆ ಮಾತು ಅಲ್ಲಿಗೇ ಮುಗಿಯಿತು. ಬದಲಿಗೆ ಕೇಳಿ: ಇವೆರಡರಲ್ಲಿ ಇನ್ನೊಂದು ಗ್ಲಾಸ್ ಯಾವುದು ಬೇಕು? ಯಾವುದು ಬೇಗ ಬೇಸರ ತರಿಸುತ್ತದೆ? ಯಾವುದಕ್ಕೆ ಊಟ ಬೇಕು?

ಹೆಸರು ಬಯಲು ಮಾಡುವುದು ಪ್ರತಿ ಜೋಡಿ ಮುಗಿದ ಕೂಡಲೇ. ಕೊನೆಗೆ ಆರನ್ನೂ ಒಟ್ಟಿಗೆ ತೆರೆದರೆ ಎರಡನೆಯದು ಹೇಗಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಹೆಸರು ಗೊತ್ತಾದ ಮೇಲೆ ಒಂದು ಗುಟುಕು ಉಳಿಸಿಕೊಂಡು ಮತ್ತೆ ಕುಡಿಯಿರಿ. ಸಾದಾ ಬೂರ್ಗೋನ್ ಜಾಸ್ತಿ ಇಷ್ಟವಾಗಿದ್ದರೆ ಅದನ್ನು ಹಾಗೇ ಹೇಳಿ. ದರ್ಜೆ ಹೇಳುವುದು ತೋಟದ ಬಗ್ಗೆ, ಆ ಬಾಟಲಿ ಆ ಸಂಜೆ ಹೇಗಿತ್ತು ಅನ್ನುವುದನ್ನು ಹೇಳಬೇಕಾದವರು ನೀವು.

ಹೆಜ್ಜೆ 9: ಊಟ ಆಮೇಲೆ

ಸವಿಯುವಾಗ ಸಾದಾ ಬ್ರೆಡ್, ನೀರು, ಅಷ್ಟೇ. ಚೀಸ್ ಕೊಬ್ಬು ನಾಲಿಗೆಗೆ ಹೊದಿಕೆ ಹಾಕುತ್ತದೆ, ಎಲ್ಲ ವೈನೂ ಒಂದೇ ಥರ ಮೃದು ಅನಿಸುತ್ತವೆ. ಮೂರೂ ಜೋಡಿ ಮುಗಿದ ಮೇಲೆ ಬಾಟಲಿಗಳನ್ನು ನಡುವೆ ಇಟ್ಟು ಊಟ ತನ್ನಿ. ಬರ್ಗಂಡಿಯವರದೇ ಅಡುಗೆ ಬೇಕಾದರೆ ಕೆಂಪು ವೈನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ, ಬೋಫ್ ಬೂರ್ಗಿನ್ಯೋಂ. ಗೂಜೆರ್ ಅನ್ನುವ, ಚೀಸ್ ಹಾಕಿದ ಉಬ್ಬಿದ ತಿಂಡಿ ಇನ್ನೂ ಸುಲಭ. ಹುರಿದ ಕೋಳಿ, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ ಪಿನೋಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ಎಪ್ವಾಸ್ ಅಲ್ಲಿನ ಹೆಸರಾಂತ ಚೀಸ್, ಆದರೆ ವಾಸನೆ ಬಹಳ ಜೋರು, ನವಿರಾದ ವೈನನ್ನು ನುಂಗಿಬಿಡುತ್ತದೆ. ನನ್ನ ಆಯ್ಕೆ ಕೋಂತೆ ಚೀಸ್. ಖಾರ ಜಾಸ್ತಿ ಇರುವ ಅಡುಗೆ ಬೇಡ, ಖಾರದ ಎದುರು ಒಗರು ಕಹಿಯಾಗಿ ಆಲ್ಕೋಹಾಲ್ ಸುಡುತ್ತದೆ.

ಹೆಜ್ಜೆ 10: ಮರುದಿನ

ಎಲ್ಲರೂ ಹೊರಟ ಮೇಲೆ ಪ್ರತಿ ಬಾಟಲಿಯಲ್ಲೂ ಸ್ವಲ್ಪ ಉಳಿದಿರುತ್ತದೆ. 375 ಮಿಲಿಲೀಟರ್‌ನ ಅರ್ಧ ಬಾಟಲಿಗಳನ್ನೋ, ತಿರುಪಿನ ಮುಚ್ಚಳದ ಇನ್ನೂ ಚಿಕ್ಕ ಗಾಜಿನ ಬಾಟಲಿಗಳನ್ನೋ ತೊಳೆದು ಇಟ್ಟುಕೊಂಡಿರಿ. ಕತ್ತಿನವರೆಗೂ ತುಂಬಿಸಿ, ಗಾಳಿಗೆ ಜಾಗ ಬಿಡದೆ ಮುಚ್ಚಿ, ಹೆಸರು ಬರೆದು ಫ್ರಿಜ್‌ಗೆ ಹಾಕಿ. ಹೀಗಿಟ್ಟರೆ ಎರಡು ಮೂರು ದಿನ ಚೆನ್ನಾಗಿರುತ್ತದೆ. ಹಳೆಯ ವೈನ್ ಮಾತ್ರ ಅವತ್ತೇ ಮುಗಿಸಿ.

ಮರುದಿನ ಸಂಜೆ ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಬಿಟ್ಟು, ಹಿಂದಿನ ದಿನದ ಚೀಟಿ ಎದುರಿಗಿಟ್ಟುಕೊಂಡು ಮತ್ತೆ ಮೂಸಿ. ಎಳೆಯ, ಗಟ್ಟಿ ವೈನ್‌ಗಳು ಎಷ್ಟೋ ಸಲ ಎರಡನೇ ದಿನವೇ ಚೆನ್ನಾಗಿರುತ್ತವೆ, ಅಂಥದ್ದರ ಇನ್ನೊಂದು ಬಾಟಲಿ ಇದ್ದರೆ ಕೆಲವು ವರ್ಷ ಮುಟ್ಟದೆ ಇಡಬಹುದು. ಮೊದಲ ದಿನ ಮಿಂಚಿ ಎರಡನೇ ದಿನ ಕುಸಿದದ್ದನ್ನು ಈ ವರ್ಷವೇ ಕುಡಿದುಬಿಡಿ. ಏನು ಬದಲಾಯಿತು ಅಂತ ಚೀಟಿಯ ಹಿಂಬದಿಗೆ ಎರಡು ಪದ ಬರೆದು ಬಂದವರಿಗೆಲ್ಲ ಕಳಿಸಿ. ನಮ್ಮ ಗುಂಪಿನಲ್ಲಿ ಮುಂದಿನ ಸಂಜೆಯ ಪ್ರಶ್ನೆ ಹುಟ್ಟುವುದು ಹೆಚ್ಚಾಗಿ ಆ ಎರಡು ಪದದಿಂದಲೇ.